ಬಹುಕೋಶ ಪ್ರಾಣಿಗಳ ಉಗಮ: ಜೀನುಗಳ ಸಾಕ್ಷ್ಯ

ಪ್ರಾಣಿಯ ದೇಹದಲ್ಲಿ ಜೀವಕೋಶಗಳು ಒಂದನ್ನೊಂದು ಹಿಡಿದುಕೊಂಡಿರಬೇಕು. ಒಂದರ ಸೂಚನೆ ಇನ್ನೊಂದಕ್ಕೆ ಮುಟ್ಟಬೇಕು. ಯಾವ ಕೋಶ ಯಾವ ಕೆಲಸವನ್ನು ಮಾಡತಕ್ಕದ್ದೆಂಬುದು ನಿಯತವಾಗಿರಬೇಕು. ಒಂಟಿಯಾಗಿ ಬಾಳುವ ಏಕಕೋಶ ಜೀವಿಗೆ ಇಂಥ ಏರ್ಪಾಡು ಬೇಕಿಲ್ಲವೆಂದು ತೋರುತ್ತದೆ. ಆದ್ದರಿಂದ ಈ ಕಾರ್ಯಗಳ ಜೀನುಗಳು ಪ್ರಾಣಿಗಳೊಡನೆಯೇ ಹುಟ್ಟಿರಬೇಕೆಂದು ಊಹಿಸುವುದು ಸಹಜ. ಈ ಊಹೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಇಲ್ಲಿ ವಿಚಾರಮಾಡೋಣ.

ಕೊಳಗಳಲ್ಲಿಯೂ ಕಡಲಿನಲ್ಲಿಯೂ ಕೊಯನೊಫ್ಲಾಜೆಲೇಟುಗಳೆಂಬ ಏಕಕೋಶ ಜೀವಿಗಳಿವೆ. ಪ್ರತಿಯೊಂದಕ್ಕೂ ಚಾವಟಿಯಂಥ ಒಂದು ಕಶಾಂಗ. ಅದರ ಬುಡದ ಸುತ್ತಲೂ ಸೂಕ್ಷ್ಮ ಎಳೆಗಳ ಕೊರಳಪಟ್ಟಿ. ಕಶಾಂಗ ಬಡಿದಾಗ ಹರಿದುಬರುವ ನೀರಿನಲ್ಲಿರುವ ಬ್ಯಾಕ್ಟೀರಿಯಗಳು ಈ ಪಟ್ಟಿಗೆ ಸಿಕ್ಕಿ ಆಹಾರವಾಗುತ್ತವೆ. ಸ್ಪಂಜುಗಳ ಒಳಮೈಯಲ್ಲಿಯೂ ಇದೇ ರೂಪದ ಕೋಶಗಳುಂಟು. ಅಮೆರಿಕದ ಹೆನ್ರಿ ಜೇಮ್ಸ್-ಕ್ಲಾರ್ಕ್ ಈ ಹೋಲಿಕೆಯನ್ನು 1860ರ ದಶಕದಲ್ಲಿಯೇ ಗುರುತಿಸಿದ್ದನು. ಆದರೆ ರೂಪಸಾಮ್ಯದಿಂದ ಮಾತ್ರವೇ ಬಂಧುತ್ವ ಸಿದ್ಧವಾಗದು. ಪ್ರಾಣಿಗಳಿಗೆ ಅತ್ಯಂತ ಹತ್ತಿರದ ಏಕಕೋಶ ಬಂಧುಗಳು ಇವೇ ಎಂಬುದನ್ನು ದೃಢಪಡಿಸಿದುದು ಜೀನುಗಳ ತೌಲನಿಕ ಅಧ್ಯಯನ.

ಮೊನೊಸೈಗ ಬ್ರೆವಿಕೊಲ್ಲಿಸ್ ಎಂಬ ಪ್ರಭೇದದ ಸಮಗ್ರ ಜೀನುಸಂಚಯ 2008ರಲ್ಲಿ ಪ್ರಕಟವಾಯಿತು. ಅದರ ಸುಮಾರು 9,200 ಜೀನುಗಳಲ್ಲಿ, ನಮ್ಮ ಕೋಶಗಳನ್ನು ಪರಸ್ಪರ ಬೆಸೆಯುವ ಕ್ಯಾಡ್ಹೆರಿನ್ ವರ್ಗದ ಜೀನುಗಳು 23 ಇದ್ದುವು. ಸೂಚನೆಗಳನ್ನು ಒಯ್ಯುವ ಟೈರೊಸಿನ್ ಕೈನೇಸ್‌ಗಳೂ ಹೇರಳವಾಗಿದ್ದುವು. ಇನ್ನೂ ದೂರದ ಬಂಧುವಾದ ಕ್ಯಾಪ್ಸಾಸ್ಪೊರದಲ್ಲಿ ಇಂಟೆಗ್ರಿನ್‌ಗಳು ಮಾತ್ರವಲ್ಲದೆ, ಪ್ರಾಣಿಗಳ ಭ್ರೂಣರಚನೆಯಲ್ಲಿ ಪಾಲುಗೊಳ್ಳುವ ಬ್ರಾಕಿಯುರಿ ಜೀನೂ ಕಂಡುಬಂದಿದೆ. ಭ್ರೂಣವೇ ಇಲ್ಲದ ಜೀವಿಯಲ್ಲಿ ಭ್ರೂಣದ ಜೀನು! ಎಂದ ಮೇಲೆ ದೇಹ ಕಟ್ಟುವ ಸಾಮಗ್ರಿಯ ಬಹುಭಾಗ ದೇಹಕ್ಕಿಂತ ಹಳೆಯದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಜೀನು ಇದೆಯೆಂದ ಮಾತ್ರಕ್ಕೆ ಅದು ನಮ್ಮಲ್ಲಿ ಮಾಡುವ ಕೆಲಸವನ್ನೇ ಅಲ್ಲಿಯೂ ಮಾಡುತ್ತದೆಂದು ಹೇಳಲಾಗದು. ಸಾಲ್ಪಿಂಗೀಕ ರೊಸೆಟ್ಟ ಎಂಬ ಕೊಯನೊಫ್ಲಾಜೆಲೇಟು, ಒಂದು ಬಗೆಯ ಬ್ಯಾಕ್ಟೀರಿಯದ ಪ್ರಚೋದನೆ ದೊರೆತಾಗ, ವಿಭಜನೆಯಾದ ಮೇಲೂ ಬೇರ್ಪಡದೆ ಹೂವಿನಾಕಾರದ ಗುಂಪಾಗುತ್ತದೆ. ಇದಕ್ಕೆ ಅಗತ್ಯವೆಂದು 2014ರಲ್ಲಿ ಗುರುತಿಸಲಾದ ಜೀನು ಕ್ಯಾಡ್ಹೆರಿನ್ ಅಲ್ಲ. ಕೋಶಗಳ ನಡುವಣ ಅಂಟಿನಲ್ಲಿ ಸೇರುವ, ಲೆಕ್ಟಿನ್‌ಗಳನ್ನು ಹೋಲುವ ಒಂದು ಪ್ರೋಟೀನಿನದು.

ಹೊಸದೇನೂ ಹುಟ್ಟಲಿಲ್ಲವೆಂದೂ ತಿಳಿಯಬಾರದು. ಪ್ರಾಣಿದೇಹಕ್ಕೆ ದಿಕ್ಕು ನಿಶ್ಚಯಿಸುವ ವಿಂಟ್ ಪ್ರೋಟೀನುಗಳು ಕೊಯನೊಫ್ಲಾಜೆಲೇಟುಗಳಲ್ಲಿ ದೊರೆತಿಲ್ಲ. ಹಳೆಯ ಜೀನುಗಳ ಮರುಬಳಕೆ, ಕೆಲವು ಹೊಸ ಜೀನುಗಳು, ಎರಡನ್ನೂ ಹೊತ್ತರಿತು ಎಚ್ಚರಿಸುವ ನಿಯಂತ್ರಣ—ಈ ಮೂರೂ ಕೂಡಿ ಪ್ರಾಣಿಯಾಯಿತು. ಜೀನುಗಳು ಎಲ್ಲಿಂದ ಬಂದುವೆಂಬ ಪ್ರಶ್ನೆಗಿಂತ, ಇದ್ದುವು ಹೇಗೆ ಒಂದು ಕಟ್ಟಿಗೆ ಒಳಪಟ್ಟುವೆಂಬ ಪ್ರಶ್ನೆಯೇ ಇಂದು ನಮ್ಮ ಮುಂದೆ ಪ್ರಧಾನವಾಗಿ ನಿಂತಿದೆ.