ಹೆದ್ದಾರಿ ಟ್ರ್ಯಾಕ್ ಅಲ್ಲ ಕಣ್ರೋ!

ಚಳ್ಳಕೆರೆ ದಾಟಿ ತಳಕಿನ ಕಡೆಗೆ ಬೈಕು ತಿರುಗಿಸಿದರೆ ಸಾಕು, ಬಲಗೈ ತಾನಾಗಿಯೇ ಆಕ್ಸಿಲರೇಟರ್ ತಿರುವುತ್ತದೆ. ನಮ್ಮದು ಬಯಲುಸೀಮೆ. ಗಾಳಿ ಬಿಟ್ಟರೆ ಎದುರಿಗೆ ಯಾರೂ ಇಲ್ಲ ಅನ್ನಿಸುವಂಥ ನೇರ ರಸ್ತೆ. ತಳಕು, ಬಿ.ಜಿ.ಕೆರೆ, ಹಾನಗಲ್ ಕಳೆದು ಮೊಳಕಾಲ್ಮುರು ಸೇರುವಷ್ಟರಲ್ಲಿ ಎಂಥವನಿಗೂ ತಾನೊಬ್ಬ ರೇಸರ್ ಎಂಬ ಭ್ರಮೆ ಹುಟ್ಟುತ್ತದೆ. ನನಗೂ ಹುಟ್ಟಿತ್ತು. ಆ ಭ್ರಮೆ ಇಳಿಸಿದ್ದು ಒಂದು ಸೇರು ಹುರುಳಿ.

ನಾನು ಮೊಳಕಾಲ್ಮುರಿನವನು. ಕೆಲಸ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ, ಲೆಕ್ಕ ಬರೆಯುವುದು. ಎರಡು ವರ್ಷ ಸಂಬಳ ಕೂಡಿಟ್ಟು, ಉಳಿದದ್ದಕ್ಕೆ ಸಾಲ ಮಾಡಿ ಯಮಹಾ ಆರ್15 ತಗೊಂಡೆ. ನಮ್ಮ ಗುಂಪಿನಲ್ಲಿ ಇನ್ನೆರಡು ಸ್ಪೋರ್ಟ್ಸ್ ಬೈಕುಗಳಿವೆ. ಗೆಳೆಯನ ಹತ್ತಿರ ಕೆಟಿಎಂ ಆರ್‌ಸಿ 390, ರಾಂಪುರದ ದೊಡ್ಡಪ್ಪನ ಮಗ ಅಣ್ಣನ ಹತ್ತಿರ ಟಿವಿಎಸ್ ಅಪಾಚೆ ಆರ್‌ಆರ್ 310. ಭಾನುವಾರ ಮೂವರೂ ಸೇರಿದರೆ ಒಂದೇ ಜಗಳ: ಯಾವುದು ಮೇಲು?

ಕಾಗದದ ಮೇಲೆ ಉತ್ತರ ಸುಲಭ. ಆರ್15ರ ನಾಲ್ಕನೇ ಅವತಾರದ್ದು 155 ಸಿಸಿ ಎಂಜಿನ್. ಹದಿನೆಂಟು ಚಿಲ್ಲರೆ ಪಿಎಸ್ ಶಕ್ತಿ, ತೂಕ ಸುಮಾರು 142 ಕೆ.ಜಿ. ಅಪಾಚೆಯದು 312 ಸಿಸಿ, 34 ಪಿಎಸ್, 174 ಕೆ.ಜಿ. ಟಿವಿಎಸ್ ಮತ್ತು ಬಿಎಂಡಬ್ಲ್ಯು 2013ರಲ್ಲಿ ಕೈಜೋಡಿಸಿದ್ದರ ಫಲ ಅದು. ನಮ್ಮ ಗಡಿಯಾಚೆಯ ಹೊಸೂರಿನಲ್ಲಿ ತಯಾರಾಗಿ 2017ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂತು. ಆರ್‌ಸಿಯದು 373 ಸಿಸಿ, 43.5 ಪಿಎಸ್, ತೂಕ ಅಪಾಚೆಯಷ್ಟೇ. ಅಂದರೆ ಗೆಳೆಯನ ಗಾಡಿಯ ಶಕ್ತಿ ನನ್ನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಬೆಲೆಯೂ ಹಾಗೆಯೇ ಏರುತ್ತದೆ. ಅವನು ಮೀಸೆ ತಿರುವದೆ ಇರುತ್ತಾನೆಯೇ?

ಅವನನ್ನು ಹಿಂದಿಕ್ಕಬೇಕೆಂಬ ಹಟದಲ್ಲೇ ನಾನು ಬಿದ್ದದ್ದು. ಜನವರಿಯ ಒಂದು ಸಂಜೆ. ಹಾನಗಲ್ ಬಳಿ ಹೆದ್ದಾರಿ ಬಿಟ್ಟು ಊರ ಕಡೆ ತಿರುಗಿದ್ದೆವು. ಮುಂದೆ ರಸ್ತೆಯ ಅರ್ಧ ಭಾಗಕ್ಕೆ ಹುರುಳಿ ಹರವಿದ್ದರು. ಸುಗ್ಗಿಯಲ್ಲಿ ನಮ್ಮ ಕಡೆ ಇದು ಮಾಮೂಲು. ಬಸ್ಸು, ಲಾರಿ ಹಾದರೆ ಒಕ್ಕಣೆ ತಾನಾಗಿ ಆಗುತ್ತದೆ. ನೋಡಿದೆ, ಬ್ರೇಕ್ ಹಿಡಿದೆ. ಎಬಿಎಸ್ ತನ್ನ ಕೆಲಸ ಮಾಡಿತು, ಚಕ್ರ ಲಾಕ್ ಆಗಲಿಲ್ಲ. ಆದರೆ ಟಯರಿನ ಕೆಳಗೆ ಡಾಂಬರೇ ಇರಲಿಲ್ಲವಲ್ಲ! ಬೇರಿಂಗಿನ ಗುಂಡುಗಳಂತೆ ಕಾಳುಗಳು ಉರುಳಿದವು. ಬೈಕು ಒಂದು ಕಡೆ, ನಾನೊಂದು ಕಡೆ.

ಹೆಲ್ಮೆಟ್ ಇತ್ತು, ತಲೆ ಉಳಿಯಿತು. ಎಡ ಭುಜದ ಮೂಳೆ ಮುರಿದಿತ್ತು. ಹುರುಳಿ ಕಾಯುತ್ತಿದ್ದ ಅಜ್ಜಿ ಚೊಂಬಿನಲ್ಲಿ ನೀರು ಹಿಡಿದು ಓಡಿಬಂದಳು. ಬೈಯುತ್ತಾಳೆ ಅಂದುಕೊಂಡೆ. ‘ನಮ್ಮ ಹುರುಳೀನೇ ನಿನ್ನ ಕೆಡವಿಬಿಡ್ತಲ್ಲೋ ಮಗಾ’ ಅಂತ ಅವಳೇ ಅತ್ತಳು. ತಪ್ಪು ಯಾರದು ಎಂದು ನನಗೆ ಆಗಲೇ ಗೊತ್ತಾಗಿತ್ತು.

ಎರಡು ತಿಂಗಳು ಮನೆಯಲ್ಲಿ ಕೂತಾಗ ಲೆಕ್ಕದವನ ಬುದ್ಧಿ ಕೆಲಸ ಮಾಡಿತು. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಪಾಯ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿಯಿರಿ. ಆಮೇಲೆ ಒಣ ಡಾಂಬರಿನಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೂ ಇನ್ನೊಂದು 20 ಮೀಟರ್ ಬೇಕು. ಒಟ್ಟು 37 ಮೀಟರ್. ಅದೇ 100ರಲ್ಲಿ ಹೋದರೆ? ಬ್ರೇಕ್ ಹಿಡಿಯುವ ಮೊದಲೇ 28 ಮೀಟರ್, ಹಿಡಿದ ಮೇಲೆ 56. ಒಟ್ಟು 84 ಮೀಟರ್! ವೇಗ ದುಪ್ಪಟ್ಟೂ ಆಗಿಲ್ಲ, ನಿಲ್ಲುವ ದೂರ ದುಪ್ಪಟ್ಟು ದಾಟಿತು. ಈ ಲೆಕ್ಕದಲ್ಲಿ 18 ಪಿಎಸ್, 43 ಪಿಎಸ್ ಎಂಬ ಭೇದವೇ ಬರುವುದಿಲ್ಲ. ಇನ್ನು ದಾರಿಗೆ ಅಡ್ಡ ಬರುವ ಕುರಿಮಂದೆಗೆ ನಮ್ಮ ಬೈಕಿನ ಸಿಸಿ ಎಷ್ಟೆಂದು ಗೊತ್ತೇ?

ಭುಜ ಸರಿಯಾದ ಮೇಲೆ ಅಣ್ಣ ಒಂದು ಮಾತು ಹೇಳಿದ: ‘ಅಷ್ಟೊಂದು ಆಸೆ ಐತಲ್ಲ, ಒಂದ್ಸಲ ನಿಜವಾದ ಟ್ರ್ಯಾಕಿಗೇ ಹೋಗಿ ಬರಾನ ನಡಿ.’ ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ ಒಂದು ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. 2023ರಲ್ಲಿ ಮೋಟೊಜಿಪಿ ನಡೆದ ದೆಹಲಿ ಬಳಿಯ ಬುದ್ಧ ಸರ್ಕ್ಯೂಟ್ ನಮಗೆ ದೂರವಾಯಿತು. ಕೊಯಮತ್ತೂರಿಗೇ ಹೋದೆವು.

ಅಲ್ಲಿ ಮೊದಲು ಮಾಡಿಸಿದ ಕೆಲಸ ಕನ್ನಡಿ ಬಿಚ್ಚಿಸಿದ್ದು, ಹೆಡ್‌ಲೈಟಿಗೆ ಟೇಪ್ ಅಂಟಿಸಿದ್ದು. ಹಿಂದೆ ನೋಡುವ ಅಗತ್ಯವೇ ಇಲ್ಲ, ಎಲ್ಲರೂ ಒಂದೇ ದಿಕ್ಕಿಗೆ ಹೋಗುವವರು. ಬಾಡಿಗೆಗೆ ತಂದ ಚರ್ಮದ ಸೂಟು, ಬೂಟು, ಗ್ಲೌಸು ಇಲ್ಲದೆ ಒಳಗೆ ಬಿಡಲಿಲ್ಲ. ತಿರುವಿನಲ್ಲಿ ಬಾವುಟ ಹಿಡಿದವರು, ಪಕ್ಕದಲ್ಲಿ ಆಂಬುಲೆನ್ಸ್, ಜಾರಿದರೆ ಉರುಳಿಕೊಂಡು ಹೋಗಲು ಖಾಲಿ ಜಾಗ. ಹಂಪ್ ಇಲ್ಲ, ನಾಯಿ ಇಲ್ಲ, ಹುರುಳಿಯಂತೂ ಇಲ್ಲವೇ ಇಲ್ಲ.

ಮೂವರೂ ಗಾಡಿ ಬದಲಾಯಿಸಿಕೊಂಡು ಓಡಿಸಿದೆವು. ನೇರ ದಾರಿಯಲ್ಲಿ ಆರ್‌ಸಿ ಬಾಣ. ಆದರೆ ಅದನ್ನೇರಿದ ನಾನು ಪ್ರತಿ ತಿರುವಿಗೂ ಹೆದರಿ ಬೇಗ ಬ್ರೇಕ್ ಹಿಡಿಯುತ್ತಿದ್ದೆ. ಅದರ ಶಕ್ತಿ ನನ್ನ ಕೈಗಿಂತ ದೊಡ್ಡದು. ಅಪಾಚೆ ತಿರುವಿನಲ್ಲಿ ಕಲ್ಲಿನಂತೆ ಸ್ಥಿರ, ಭಯ ಹುಟ್ಟಿಸುವುದಿಲ್ಲ. ನನ್ನ ಆರ್15 ನೇರದಲ್ಲಿ ಹಿಂದೆ ಬಿತ್ತು ನಿಜ. ಆದರೆ ಹಗುರವಾದ್ದರಿಂದ ಅದನ್ನು ತಿರುವಿನಲ್ಲಿ ಬಾಗಿಸುವುದು, ಗೆರೆ ಹಿಡಿದು ಹೊರಬರುವುದು ಚೆನ್ನಾಗಿ ಕಲಿತೆ. ಶಕ್ತಿ ಕಡಿಮೆ ಇರುವಾಗ ವೇಗ ಕಳೆದುಕೊಳ್ಳದೆ ತಿರುಗುವುದನ್ನು ಕಲಿಯಲೇಬೇಕು. ನಮ್ಮ ನೇರ ರಸ್ತೆಯಲ್ಲಿ ಇಷ್ಟು ದಿನ ನಾನು ಬೈಕು ಓಡಿಸಿಯೇ ಇರಲಿಲ್ಲ, ಬರೀ ಆಕ್ಸಿಲರೇಟರ್ ತಿರುವಿದ್ದೆ ಎಂದು ಅವತ್ತು ತಿಳಿಯಿತು.

ಊರಿಗೆ ಬಂದ ಮೇಲೆ ಅದೇ ಮೂರು ಬೈಕುಗಳನ್ನು ಬೇರೆ ಕಣ್ಣಿನಿಂದ ನೋಡಿದೆ. ಟ್ರ್ಯಾಕಿನಲ್ಲಿ ಗುಣವಾದದ್ದು ರಸ್ತೆಯಲ್ಲಿ ತೊಡಕು. ಕೆಳಗಿರುವ ಹ್ಯಾಂಡಲ್ ತಿರುವಿಗೆ ಚೆಂದ. ಆದರೆ ಐವತ್ತು ಕಿ.ಮೀ. ಹೋಗುವಷ್ಟರಲ್ಲಿ ಮಣಿಕಟ್ಟು, ಸೊಂಟ ಎರಡೂ ಮಾತಾಡುತ್ತವೆ. ಈ ವಿಷಯದಲ್ಲಿ ಮೂರರಲ್ಲಿ ಅಪಾಚೆ ವಾಸಿ, ಕೂರುವ ಭಂಗಿ ಅಷ್ಟು ಬಾಗಿಲ್ಲ. ಆರ್15ರ ಪೂರ್ತಿ ಶಕ್ತಿ ಸಿಗುವುದು 10,000 ಆರ್‌ಪಿಎಂನಲ್ಲಿ, ಆರ್‌ಸಿಯದು 9,000ದಲ್ಲಿ. ಶೇಂಗಾ ತುಂಬಿದ ಲಾರಿಯ ಹಿಂದೆ ನಲವತ್ತರಲ್ಲಿ ಹೋಗುವಾಗ ಆ ಶಕ್ತಿ ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆ ಇದ್ದಂತೆ. ಇದೆ, ಉಡುವ ಹಾಗಿಲ್ಲ. ಕಾನೂನೂ ಹಾಗೇ ಹೇಳುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಬೈಕುಗಳಿಗೆ ಗೊತ್ತುಮಾಡಿದ ಗರಿಷ್ಠ ವೇಗ ನಡುವೆ ವಿಭಜಕ ಇರುವ ಚತುಷ್ಪಥದಲ್ಲಿ 80, ಉಳಿದ ರಸ್ತೆಗಳಲ್ಲಿ 60. ಅಷ್ಟು ವೇಗಕ್ಕೆ ಮೂರೂ ಬೈಕುಗಳು ಸಾಕು ಸಾಕಾಗಿ ಮಿಗುತ್ತವೆ.

ಹಿಂದಿನ ಸೀಟಿನ ಕಥೆ ಬೇರೆ. ಅಮ್ಮನನ್ನು ಒಮ್ಮೆ ನಾಯಕನಹಟ್ಟಿ ತಿಪ್ಪೇಸ್ವಾಮಿ ದರ್ಶನಕ್ಕೆ ಕೂರಿಸಿಕೊಂಡು ಹೋದೆ. ಇಳಿದವಳೇ ‘ಅಟ್ಟದ ಮೇಲೆ ಕೂತಂಗಾಯ್ತು ಕಣಪ್ಪ, ವಾಪಸ್ ಬಸ್ಸಿಗೇ ಬರ್ತೀನಿ’ ಅಂದಳು. ಬಂದದ್ದೂ ಬಸ್ಸಿಗೇ.

ಹಾಗಾದರೆ ಯಾವುದು ಮೇಲು? ನನ್ನನ್ನು ಕೇಳಿದರೆ, ಕಲಿಯುವ ಆಸೆ ಇದ್ದವರಿಗೆ ಆರ್15 ಸಾಕು. ದಿನಾ ದೂರ ಹೋಗುವವರು, ಕಿಸೆಯಲ್ಲಿ ಇನ್ನಷ್ಟು ಹಣ ಇದ್ದವರು ಅಪಾಚೆ ನೋಡಬಹುದು. ಅದರಲ್ಲಿ ಮಳೆಗೊಂದು, ಊರೊಳಗೊಂದು, ಟ್ರ್ಯಾಕಿಗೊಂದು ಅಂತ ಬೇರೆ ಬೇರೆ ಮೋಡ್‌ಗಳಿವೆ. ಆರ್‌ಸಿ 390 ನಿಜಕ್ಕೂ ಅದ್ಭುತ ಯಂತ್ರ. 2022ರ ಮಾದರಿಯಲ್ಲಿ ತಿರುವಿನಲ್ಲೂ ಕೆಲಸ ಮಾಡುವ ಎಬಿಎಸ್ ಇದೆ. ಆದರೆ ವರ್ಷಕ್ಕೆ ಒಂದೆರಡು ಸಲವಾದರೂ ಟ್ರ್ಯಾಕಿಗೆ ಹೋಗದವರು ಅದಕ್ಕೆ ದುಡ್ಡು ಸುರಿಯುವ ಬದಲು ಉಳಿದ ಹಣದಲ್ಲಿ ಒಳ್ಳೆಯ ಹೆಲ್ಮೆಟ್, ಜಾಕೆಟ್, ಬೂಟು ತಗೊಳ್ಳಲಿ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬೈಕಿನ ಮೇಲೆ ಕೂತು ವಿಶ್ವ ಪ್ರಶಸ್ತಿ ತಂದರು. ಅದು ಸಿಕ್ಕಿದ್ದು ಸ್ಪರ್ಧೆಯ ಕಣದಲ್ಲಿ, ಊರ ಹೆದ್ದಾರಿಯಲ್ಲಿ ಅಲ್ಲ.

ಟ್ರ್ಯಾಕ್ ಬೈಕಿನವರಿಗಾಗಿಯೇ ಕಟ್ಟಿದ್ದು. ರಸ್ತೆ ಹಾಗಲ್ಲ. ಅದು ಲಾರಿಯವನದು, ಕುರಿ ಕಾಯುವವನದು, ಶಾಲೆಗೆ ಹೋಗುವ ಮಕ್ಕಳದು. ಸುಗ್ಗಿಯಲ್ಲಿ ಕಣವಿಲ್ಲದವರ ಕಣವೂ ಹೌದು. ಮೊನ್ನೆ ಅದೇ ಜಾಗದಲ್ಲಿ ಮತ್ತೆ ಹುರುಳಿ ಹರವಿತ್ತು. ಮೊದಲೇ ನಿಧಾನ ಮಾಡಿ, ಪಕ್ಕದಲ್ಲಿ ಹಾದು ನಿಂತೆ. ಅಜ್ಜಿ ಗುರುತು ಹಿಡಿದಳು.

‘ಭುಜ ಹೆಂಗೈತೋ ಮಗಾ?’

‘ಚೆನ್ನಾಗೈತೆ ಅಜ್ಜಿ’ ಅಂದೆ. ಒಂದು ಬೊಗಸೆ ಹುರುಳಿ ಕಟ್ಟಿಕೊಟ್ಟಳು. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಮುದ್ದೆ, ಹುರುಳಿ ಸಾರು.