ಖಾಲಿ ಡಬ್ಬಿ, ಹರಿದ ಚೀಲ: ಕಾನೂನು ಏನು ಹೇಳುತ್ತದೆ? ರೈತರು ಏನು ಮಾಡಬೇಕು?



ಬಿತ್ತನೆ ಬೀಜ, ರಸಗೊಬ್ಬರ, ಕೀಟನಾಶಕ, ಪಶು ಆಹಾರ ಇವೆಲ್ಲವೂ ಇಂದು ಪ್ಲಾಸ್ಟಿಕ್ ಚೀಲ ಅಥವಾ ಡಬ್ಬಿಗಳಲ್ಲಿಯೇ ತಮ್ಮ ಮನೆಗೆ ಬರುತ್ತವೆ. ಹಿಂದೆ ಗೋಣಿಚೀಲ, ಬಿದಿರಿನ ಬುಟ್ಟಿ ಹಾಳಾದರೆ ತಿಪ್ಪೆ ಸೇರಿ ಗೊಬ್ಬರವಾಗುತ್ತಿದ್ದವು. ಪ್ಲಾಸ್ಟಿಕ್ ಹಾಗಲ್ಲ. ತಿಪ್ಪೆಗೆ ಎಸೆದರೆ ಅದು ಕೊಳೆಯದೆ ಗೊಬ್ಬರದೊಡನೆ ಹೊಲಕ್ಕೇ ಮರಳುತ್ತದೆ. ದನಕರುಗಳು ತಿಂದರೆ ಹೊಟ್ಟೆಯಲ್ಲಿ ಗಂಟುಕಟ್ಟಿ ಮೇವು ಮುಂದೆ ಸಾಗದಂತೆ ತಡೆಯುತ್ತದೆ. ಸುಟ್ಟರೆ ವಿಷಾನಿಲ ಹೊರಡುತ್ತದೆ. ಆದುದರಿಂದ ಈ ವಿಷಯದಲ್ಲಿ ಸರ್ಕಾರದ ಕಾನೂನನ್ನು ತಾವು ತಿಳಿದಿರುವುದು ಅವಶ್ಯಕ.

ಕಾನೂನು ಹಳ್ಳಿಗೂ ಉಂಟು

ಪ್ಲಾಸ್ಟಿಕ್ ಕಸದ ಕಾನೂನು ಪೇಟೆಯವರಿಗೆ ಮಾತ್ರ ಎಂದು ಅನೇಕರು ಭಾವಿಸಿದ್ದಾರೆ. ಇದು ಸರಿಯಲ್ಲ. ಕೇಂದ್ರ ಸರ್ಕಾರವು 2016ರಲ್ಲಿ ಹೊರಡಿಸಿದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಗ್ರಾಮಗಳಿಗೂ ಅನ್ವಯಿಸುತ್ತವೆ. ಕಸವನ್ನು ಬೇರ್ಪಡಿಸಿ ಸಂಗ್ರಹಿಸುವ ವ್ಯವಸ್ಥೆ ಮಾಡುವುದು ಮತ್ತು ಬಯಲಿನಲ್ಲಿ ಪ್ಲಾಸ್ಟಿಕ್ ಸುಡದಂತೆ ನೋಡಿಕೊಳ್ಳುವುದು ಗ್ರಾಮ ಪಂಚಾಯಿತಿಯ ಹೊಣೆ. ಕಂಡಲ್ಲಿ ಎಸೆಯದೆ, ಬೇರ್ಪಡಿಸಿ ಒಪ್ಪಿಸುವುದು ನಮ್ಮೆಲ್ಲರ ಹೊಣೆ.

ಪ್ಲಾಸ್ಟಿಕ್ ಕೈಚೀಲದ ದಪ್ಪ 2016ರಲ್ಲಿ ಕನಿಷ್ಠ 50 ಮೈಕ್ರಾನ್ ಎಂದಿತ್ತು. ಅದನ್ನು 2021ರ ಸೆಪ್ಟೆಂಬರ್ 30ರಿಂದ 75ಕ್ಕೂ, 2022ರ ಡಿಸೆಂಬರ್ 31ರಿಂದ 120ಕ್ಕೂ ಏರಿಸಲಾಯಿತು. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ತೆಳು ಚೀಲ ಒಂದೇ ಸಲಕ್ಕೆ ಹರಿದು ಗಾಳಿಗೆ ಹಾರುತ್ತದೆ, ಗುಜರಿಯವರೂ ಅದನ್ನು ಮುಟ್ಟುವುದಿಲ್ಲ. ದಪ್ಪ ಚೀಲವನ್ನಾದರೆ ಮತ್ತೆ ಮತ್ತೆ ಬಳಸಬಹುದು, ಕೊನೆಗೆ ಮಾರಲೂಬಹುದು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಮದುವೆ, ಜಾತ್ರೆಗಳಲ್ಲಿ ಬಾಳೆಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆ ಉಪಯೋಗಿಸಿರಿ. ಬೆಳೆದವರಿಗೂ ನಾಲ್ಕು ಕಾಸು ಸಿಗುತ್ತದೆ.

ಕಂಪೆನಿಗಳ ಹೊಣೆ

2022ರ ಫೆಬ್ರವರಿಯಲ್ಲಿ ಇನ್ನೊಂದು ಮುಖ್ಯ ಆದೇಶ ಬಂದಿತು. ಅದರಂತೆ, ಮಾರುಕಟ್ಟೆಗೆ ಪ್ಲಾಸ್ಟಿಕ್ ಹೊದಿಕೆ ತರುವ ಕಂಪೆನಿಯೇ ಆ ಕಸಕ್ಕೂ ಹೊಣೆ. 2023-24ರಿಂದ ಈ ಹೊಣೆ ನೂರಕ್ಕೆ ನೂರು. ಡಬ್ಬಿಯಂತಹ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ 2024-25ಕ್ಕೆ ಶೇಕಡಾ 50ರಷ್ಟನ್ನು ಪುನಃ ಬಳಕೆಗೆ ತರಬೇಕು, 2027-28ರ ವೇಳೆಗೆ ಇದು ಶೇಕಡಾ 80ಕ್ಕೆ ಏರಬೇಕು. ಕಸದ ಖರ್ಚು ತನ್ನ ಮೇಲೆಯೇ ಬಿದ್ದಾಗ ಕಂಪೆನಿ ಹೊದಿಕೆಯನ್ನು ಕಡಿಮೆ ಮಾಡಲು ಯೋಚಿಸುತ್ತದೆ ಎಂಬುದು ಇದರ ಉದ್ದೇಶ. ಆದರೆ ಬದುವಿನಲ್ಲಿ ಸುಟ್ಟ ಡಬ್ಬಿ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಕೀಟನಾಶಕದ ಡಬ್ಬಿ: ವಿಶೇಷ ಎಚ್ಚರಿಕೆ

ಖಾಲಿಯಾದ ಡಬ್ಬಿಯ ಒಳಮೈಗೆ ವಿಷ ಅಂಟಿಕೊಂಡೇ ಇರುತ್ತದೆ. ವಾಸನೆ ಹೋದ ಮಾತ್ರಕ್ಕೆ ವಿಷ ಹೋಯಿತೆಂದು ತಿಳಿಯಕೂಡದು. ಅದರಲ್ಲಿ ನೀರು, ಎಣ್ಣೆ, ಉಪ್ಪು ತುಂಬುವುದು ಪ್ರಾಣಾಪಾಯಕ್ಕೆ ದಾರಿ. ಈ ಕ್ರಮವನ್ನು ಅನುಸರಿಸಿರಿ:

1. ಕೈಚೀಲ ಧರಿಸಿ, ಡಬ್ಬಿಯಲ್ಲಿರುವ ಔಷಧಿಯನ್ನು ಪೂರ್ತಿಯಾಗಿ ಸಿಂಪರಣಾ ಯಂತ್ರಕ್ಕೆ ಬಸಿಯಿರಿ.
2. ಕಾಲುಭಾಗ ನೀರು ತುಂಬಿ, ಮುಚ್ಚಳ ಹಾಕಿ, ಅರ್ಧ ನಿಮಿಷ ಚೆನ್ನಾಗಿ ಕುಲುಕಿರಿ. ತೊಳೆದ ನೀರನ್ನೂ ಅದೇ ಯಂತ್ರಕ್ಕೆ ಸುರಿಯಿರಿ. ಕಾಲುವೆ, ಬಾವಿಯ ಬಳಿ ಚೆಲ್ಲಬೇಡಿ.
3. ಹೀಗೆ ಮೂರು ಸಲ ತೊಳೆಯಿರಿ. ಅಂಟಿದ್ದ ಔಷಧಿಯೂ ಬೆಳೆಗೆ ಸೇರಿ, ಕೊಟ್ಟ ಹಣ ದಕ್ಕುತ್ತದೆ.
4. ಡಬ್ಬಿಗೆ ತೂತು ಮಾಡಿ, ಯಾರೂ ಮರುಬಳಸದಂತೆ ಮಾಡಿರಿ.

1971ರ ಕೀಟನಾಶಕ ನಿಯಮಗಳ ಪ್ರಕಾರ ಖಾಲಿ ಡಬ್ಬಿಗಳನ್ನು ಹೊರಗೆ ಬಿಡಕೂಡದು. ಒಡೆದು, ವಾಸಸ್ಥಳದಿಂದ ದೂರದಲ್ಲಿ ಹೂಳತಕ್ಕದ್ದು. ಮಾರಾಟಗಾರರು ಅಥವಾ ಕಂಪೆನಿಯವರು ಹಿಂದಕ್ಕೆ ಪಡೆಯುವ ಏರ್ಪಾಡು ಇದ್ದರೆ ಅವರಿಗೇ ಒಪ್ಪಿಸಿರಿ. ಮನೆಯ ಕಸದೊಡನೆ ಬೆರೆಸಬೇಡಿ.

ರಸಗೊಬ್ಬರದ ಚೀಲವನ್ನು ಕೊಡವಿ, ತೊಳೆದು, ಕೊಟ್ಟಿಗೆ ಗೊಬ್ಬರ ಸಾಗಿಸಲು ಬಳಸಬಹುದು. ತಿನ್ನುವ ಕಾಳು ತುಂಬಲು ಬೇಡ. ಹರಿದ ಮೇಲೆ ಗುಜರಿಗೆ ಕೊಡಿರಿ.

ಊರಿನವರು ಕೂಡಿದರೆ

ಹಾಲು ಉತ್ಪಾದಕರ ಸಂಘದ ಬಳಿ ಶುಭ್ರವಾದ ಪ್ಲಾಸ್ಟಿಕ್ ಹಾಕಲು ಒಂದು ದೊಡ್ಡ ಚೀಲ ಇಟ್ಟರೂ ಸಾಕು, ಕೆಲಸ ಆರಂಭವಾದಂತೆ. ಗ್ರಾಮಸಭೆಯಲ್ಲಿ ಸಂಗ್ರಹಣೆಯ ವ್ಯವಸ್ಥೆಯನ್ನು ಕೇಳಿರಿ. ಅದು ತಮ್ಮ ಹಕ್ಕು. ಮಣ್ಣು ಒಂದು ಬೆಳೆಯ ಸೊತ್ತಲ್ಲ. ಹೊಲಕ್ಕೆ ಬಂದ ಪ್ಲಾಸ್ಟಿಕ್ ಹೊಲದಲ್ಲಿಯೇ ಉಳಿಯದಂತೆ ಈ ಹಂಗಾಮಿನಿಂದಲೇ ನೋಡಿಕೊಳ್ಳಿರಿ.