ಪರದೆಯ ಮುಂದೆ ನಿಂತವರ ಹಕ್ಕು

ಹುಬ್ಬಳ್ಳಿ ಬಳಿಯ ತಾರಿಹಾಳದ ಕೈಗಾರಿಕಾ ಪ್ರದೇಶ ಫೋಟೊಗಳಲ್ಲಿ ಹೆಚ್ಚಾಗಿ ಕಾಣಿಸುವುದು ಎರಡೇ ಬಗೆಯಲ್ಲಿ: ಹೂಡಿಕೆದಾರರಿಗೆ ತೋರಿಸುವ ಶೆಡ್ಡು-ಯಂತ್ರಗಳಾಗಿ, ಇಲ್ಲವೇ ಅವಘಡದ ಮರುದಿನದ ಸುದ್ದಿಚಿತ್ರವಾಗಿ. ಅಲ್ಲಿ ದುಡಿಯುವವರ ಪಾಲಿಗೆ ಉಳಿಯುವುದು ಗುರುತಿನ ಚೀಟಿಯ ಫೋಟೊ. ಬಿಳಿ ಹಿನ್ನೆಲೆ, ನೇರ ನೋಟ, ಕೆಳಗೊಂದು ನಂಬರು. ಇಂಥ ಊರಿನಲ್ಲಿ ಕ್ಯಾಮೆರಾ ಹಿಡಿಯುವವರು ಮೆಚ್ಚಿನ ಛಾಯಾಗ್ರಾಹಕರಿಂದ ಬೆಳಕು, ಬಣ್ಣ, ಲೆನ್ಸುಗಳನ್ನಷ್ಟೇ ಕಲಿತರೆ ಸಾಲದು. ಎದುರು ನಿಂತವರಿಗೆ ತಮ್ಮ ಚಿತ್ರದ ಮೇಲೆ ಎಷ್ಟು ಅಧಿಕಾರವಿದೆ ಎನ್ನುವುದರಲ್ಲೇ ಶೈಲಿ ಹುಟ್ಟುತ್ತದೆಂದು ನನ್ನ ನಂಬಿಕೆ.

ಬೆಂಗಳೂರಿನ ಎನ್. ಪುಷ್ಪಮಾಲಾ ನನಗೆ ಬಹಳ ಇಷ್ಟವಾಗುವುದು ಇದೇ ಕಾರಣಕ್ಕೆ. ಬರೋಡಾದಲ್ಲಿ ಶಿಲ್ಪಕಲೆ ಕಲಿತ ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆಗೂಡಿ 2000ರಿಂದ 2004ರವರೆಗೆ ‘ನೇಟಿವ್ ವುಮೆನ್ ಆಫ್ ಸೌತ್ ಇಂಡಿಯಾ’ ಸರಣಿ ಮಾಡಿದರು. ರವಿವರ್ಮನ ಬೆಳದಿಂಗಳ ಹೆಣ್ಣು, ದಖನಿ ಚಿಕಣಿ ಚಿತ್ರದ ಯೋಗಿನಿ, ಪೊಲೀಸರ ವಶದಲ್ಲಿರುವ ಕಳ್ಳಿಯರು, ಎಲ್ಲರೂ ಇಲ್ಲಿ ಮರುಹುಟ್ಟು ಪಡೆದಿದ್ದಾರೆ. ಅದರಲ್ಲಿ ತೋಡ ಬುಡಕಟ್ಟಿನ ಮಹಿಳೆಯ ಚಿತ್ರವನ್ನು ನಿಧಾನವಾಗಿ ನೋಡಬೇಕು. ಹಿಂದೆ ಚೌಕಳಿ ಪರದೆ. 19ನೆಯ ಶತಮಾನದ ಬ್ರಿಟಿಷರು ‘ಜನಾಂಗ’ಗಳ ಮೈ ಅಳೆಯಲು ಬಳಸುತ್ತಿದ್ದದ್ದು ಅಂಥದ್ದೇ ಚೌಕಳಿ. ಈಗ ಅದರ ಮುಂದೆ ತೋಡ ಮಹಿಳೆಯಾಗಿ ನಿಂತ ಪುಷ್ಪಮಾಲಾ ಅವರೇ ಆ ಚಿತ್ರದ ಒಡತಿ. ಅಳತೆಗೋಲು ತಿರುಗಿ ಅಳೆಯುವವನ ಕಡೆಗೇ ಮುಖ ಮಾಡುತ್ತದೆ. ಗೇಟ್ ಪಾಸಿನ ಫೋಟೊದ ಪೂರ್ವಜರನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕೆಲಸ ನನಗೆ ಬೇರೆ ಗೊತ್ತಿಲ್ಲ.

ಇದೆಲ್ಲ ವೇಷ ಹಾಕಿ ತೆಗೆದದ್ದು, ಫೋಟೊ ಎಂದರೆ ಇದ್ದದ್ದನ್ನು ಇದ್ದಂತೆ ಹಿಡಿಯುವುದಲ್ಲವೇ ಎಂದು ಕೇಳುವವರಿದ್ದಾರೆ. ಬರೆದ ಪರದೆ ಅರಮನೆಯಲ್ಲ ಎಂದು ಗೊತ್ತಿದ್ದೂ ಕಂಪನಿ ನಾಟಕಕ್ಕೆ ಕಣ್ಣೀರು ಹಾಕಿದ ಸೀಮೆ ನಮ್ಮದು. ಅದೂ ಅಲ್ಲದೆ, ಈ ಸರಣಿಯ ಒಂದು ಭಾಗ ಚಿತ್ರ ತಯಾರಾದ ಬಗೆಯನ್ನೇ ಬಯಲಿಗಿಡುತ್ತದೆ. ಮುಚ್ಚಿಟ್ಟದ್ದೇನೂ ಇಲ್ಲದಿರುವಾಗ ಮೋಸದ ಮಾತೆಲ್ಲಿ? ಸಹಜವೆಂದು ಒಪ್ಪಿಕೊಳ್ಳುವ ಗುರುತಿನ ಚೀಟಿಯೂ ಬೇರೆಯವರು ನಿಲ್ಲಿಸಿ ತೆಗೆದದ್ದೇ.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ನಗರದ ಕಲಾವಿದೆ ತೋಡ ಮಹಿಳೆಯಾಗಿ ನಿಂತರೆ, ನಿಜವಾದ ತೋಡ ಮಹಿಳೆಗೆ ಜಾಗವೆಲ್ಲಿ? ಇದನ್ನು ತಳ್ಳಿಹಾಕಲಾರೆ. ಇದಕ್ಕೆ ಉತ್ತರ ಸಿಗುವುದು ಛಾಯಾಗ್ರಾಹಕಿ ಗೌರಿ ಗಿಲ್ ಅವರ ‘ಆ್ಯಕ್ಟ್ಸ್ ಆಫ್ ಅಪಿಯರೆನ್ಸ್’ನಲ್ಲಿ. ಮಹಾರಾಷ್ಟ್ರದ ಜವ್ಹಾರ್‌ನಲ್ಲಿ 2015ರಲ್ಲಿ ಶುರುವಾದ ಈ ಸರಣಿಗೆ ಕಾಗದದ ಮುಖವಾಡ ಮಾಡಿದವರು ಅಲ್ಲಿನ ಆದಿವಾಸಿ ಕಲಾವಿದರು. ಅವನ್ನು ತೊಟ್ಟು ತಮ್ಮ ದಿನನಿತ್ಯದ ಬಾಳನ್ನು ಅಭಿನಯಿಸಿದವರೂ ಊರಿನವರೇ. ಬೆಂಗಳೂರಿನಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಆಗಿದ್ದ ಕಾಪ್ ಶಿವ ಅವರ ‘ಬೀಯಿಂಗ್ ಗಾಂಧಿ’ಯಲ್ಲೂ ಮೈಗೆ ಬೆಳ್ಳಿಬಣ್ಣ ಬಳಿದು ಗಾಂಧಿಯಾಗುವುದು ಹಳ್ಳಿಯ ಶಿಕ್ಷಕರೊಬ್ಬರ ಸ್ವಂತ ಆಯ್ಕೆ. ಛಾಯಾಗ್ರಾಹಕ ಅದರ ಜೊತೆಗೆ ನಡೆಯುತ್ತಾನೆ, ಅಷ್ಟೇ.

ತಾರಿಹಾಳದಲ್ಲಿ ಇಂಥ ಕೆಲಸಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಹಿನ್ನೆಲೆ ಯಾವುದಿರಬೇಕು, ಕೈಯಲ್ಲಿ ಸ್ಪ್ಯಾನರ್ ಹಿಡಿಯಲೋ ಬೇಡವೋ, ಕೆಳಗೆ ನಂಬರಿನ ಬದಲು ಏನು ಬರೆಯಬೇಕು ಎನ್ನುವುದನ್ನೆಲ್ಲ ಪಾಳಿ ಮುಗಿಸಿ ಬಂದವರೇ ತೀರ್ಮಾನಿಸಲಿ. ಬೇಡವೆನಿಸಿದ ಚಿತ್ರವನ್ನು ಅಳಿಸುವ ಹಕ್ಕೂ ಅವರಿಗಿರಲಿ.